ರಾಪಮೈಸಿನ್ ಎಂಬ ಹಲಸಿನ ಮೇಣ

ಕೆರೆಯ ಕೆಳಗೆ ನೂರಾರು ಗದ್ದೆಗಳು. ಯಾವ ತೂಬಿನ ನೀರು ಯಾವ ಗದ್ದೆಗೆ ಹರಿಯುತ್ತದೆ ಎಂಬುದು ಊರಿಗೆ ಹೊಸಬನಾದವನಿಗೆ ತಿಳಿಯದು. ಒಂದು ತೂಬು ಮುಚ್ಚಿ ನಾಲ್ಕು ದಿನ ಕಾದರೆ ಒಣಗಿದ ಗದ್ದೆಯೇ ಉತ್ತರ ಹೇಳುತ್ತದೆ. ಜೀವಕೋಶದೊಳಗಿನ ಸಂಕೇತಗಳ ಜಾಡು ಹಿಡಿಯುವವರು ಮಾಡುವುದೂ ಇದನ್ನೇ. ಹೊರಗಿನಿಂದ ಹಾರ್ಮೋನ್ ಬಂದು ಕೋಶದ ಪೊರೆಯನ್ನು ತಟ್ಟುತ್ತದೆ. ಒಳಗೆ ಒಂದು ಪ್ರೋಟೀನ್ ಇನ್ನೊಂದನ್ನು ಮುಟ್ಟಿ, ಅದು ಮೂರನೆಯದನ್ನು ಎಚ್ಚರಿಸಿ, ಸುದ್ದಿ ಸಾಗುತ್ತದೆ. ಈ ಸಾಲಿನಲ್ಲಿ ಒಂದನ್ನು ರಾಸಾಯನಿಕದಿಂದ ನಿಲ್ಲಿಸಿ, ಅದರ ಹಿಂದೆ ಏನೇನು ನಿಲ್ಲುತ್ತದೆ ಎಂದು ನೋಡುತ್ತಾರೆ. ಇಂಥ ರಾಸಾಯನಿಕಕ್ಕೆ ಪ್ರತಿಬಂಧಕ ಎಂದು ಹೆಸರು.

ಆದರೆ ಮುಚ್ಚಿದ್ದು ಯಾವ ತೂಬು, ಎಷ್ಟು ಮುಚ್ಚಿತು ಎಂಬುದು ಖಚಿತವಾಗಿ ಗೊತ್ತಿರಬೇಕಲ್ಲ? ಈ ಪಾಠವನ್ನು ರಾಪಮೈಸಿನ್‌ನಷ್ಟು ಚೆನ್ನಾಗಿ ಕಲಿಸಿದ ಅಣು ಬೇರೊಂದಿಲ್ಲ ಎಂಬುದು ನನ್ನ ನಂಬಿಕೆ.

ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪವನ್ನು ಅಲ್ಲಿನ ಜನ ರಾಪಾ ನುಯಿ ಎನ್ನುತ್ತಾರೆ. 1964ರ ಕೊನೆಯಲ್ಲಿ ಕೆನಡಾದ ವೈದ್ಯಕೀಯ ತಂಡವೊಂದು ಅಲ್ಲಿಗೆ ಹೋಗಿ, ಮರಳುವಾಗ ಮಣ್ಣಿನ ಮಾದರಿಗಳನ್ನೂ ತಂದಿತು. ಮಾಂಟ್ರಿಯಲ್‌ನ ಏಯರ್ಸ್ಟ್ ಕಂಪನಿಯ ಪ್ರಯೋಗಾಲಯದಲ್ಲಿ ಆ ಮಣ್ಣಿನ ಬ್ಯಾಕ್ಟೀರಿಯಾವೊಂದರಿಂದ ಶಿಲೀಂಧ್ರವನ್ನು ತಡೆಯುವ ವಸ್ತು ಸಿಕ್ಕಿತು. ಅದಕ್ಕೆ ದ್ವೀಪದ ಹೆಸರನ್ನೇ ಇಟ್ಟರು. ಈ ಕೆಲಸದ ಮುಂಚೂಣಿಯಲ್ಲಿದ್ದವರು ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದ ಸುರೇನ್ ಸೆಹಗಲ್. 1980ರ ದಶಕದ ಆರಂಭದಲ್ಲಿ ಕಂಪನಿ ಮಾಂಟ್ರಿಯಲ್ ಪ್ರಯೋಗಾಲಯವನ್ನು ಮುಚ್ಚಿತು. ರಾಪಮೈಸಿನ್ ಯೋಜನೆಯೂ ನಿಂತಿತು. ಸೆಹಗಲ್ ಅವರಿಗೆ ಮನಸ್ಸು ಒಪ್ಪಲಿಲ್ಲ. ಆ ಬ್ಯಾಕ್ಟೀರಿಯಾದ ಒಂದಿಷ್ಟನ್ನು ಮನೆಗೆ ಒಯ್ದು, ಅಡುಗೆಮನೆಯ ಫ್ರೀಜರ್‌ನಲ್ಲಿಟ್ಟು ವರ್ಷಗಟ್ಟಲೆ ಕಾಪಾಡಿದರು. ಮುಂದೆ ಆಡಳಿತ ಬದಲಾದಾಗ ಕೆಲಸ ಮತ್ತೆ ಶುರುವಾಯಿತು. 1999ರಲ್ಲಿ ಅಮೆರಿಕದಲ್ಲಿ ರಾಪಮೈಸಿನ್ ಮೂತ್ರಪಿಂಡ ಕಸಿಯಾದವರ ಔಷಧವಾಗಿ ಒಪ್ಪಿಗೆ ಪಡೆಯಿತು. ಒಬ್ಬ ಮನುಷ್ಯನ ಈ ಹಟವನ್ನು ನೆನೆಯದೆ ಮುಂದಿನ ವಿಜ್ಞಾನವನ್ನು ಹೇಳಲು ನನಗೆ ಸಾಧ್ಯವಿಲ್ಲ.

ಈ ನಡುವೆ, 1984ರಲ್ಲಿ, ಜಪಾನಿನ ಮಣ್ಣಿನಿಂದ ಎಫ್‌ಕೆ506 ಎಂಬ ಇನ್ನೊಂದು ಅಣು ಸಿಕ್ಕಿತ್ತು. ರೂಪದಲ್ಲಿ ಅದಕ್ಕೂ ರಾಪಮೈಸಿನ್‌ಗೂ ದಾಯಾದಿ ಹೋಲಿಕೆ. ಎರಡೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಎರಡೂ ಕೋಶದೊಳಗೆ ಎಫ್‌ಕೆಬಿಪಿ12 ಎಂಬ ಪುಟ್ಟ ಪ್ರೋಟೀನಿನ ಅದೇ ಗುಳಿಯಲ್ಲಿ ಕೂರುತ್ತವೆ, ಅದರ ಕಿಣ್ವದ ಕೆಲಸವನ್ನು ನಿಲ್ಲಿಸುತ್ತವೆ. ಹಾಗಾದರೆ ಎರಡರ ಪರಿಣಾಮವೂ ಒಂದೇ ಇರಬೇಕು. ಇರಲಿಲ್ಲ. ಎಫ್‌ಕೆ506 ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳು ಇಂಟರ್‌ಲ್ಯೂಕಿನ್-2 ಎಂಬ ಸುದ್ದಿವಾಹಕವನ್ನು ತಯಾರಿಸದಂತೆ ತಡೆಯುತ್ತಿತ್ತು. ರಾಪಮೈಸಿನ್ ತಯಾರಿಗೆ ಅಡ್ಡಿಪಡಿಸದೆ, ಬಂದ ಸುದ್ದಿಗೆ ಕೋಶ ಓಗೊಡದಂತೆ ಮಾಡುತ್ತಿತ್ತು. ಇನ್ನೂ ವಿಚಿತ್ರವೆಂದರೆ, ಒಂದನ್ನು ಹೆಚ್ಚು ಹಾಕಿದರೆ ಇನ್ನೊಂದರ ಪ್ರಭಾವ ಅಳಿಸಿಹೋಗುತ್ತಿತ್ತು. ಎಫ್‌ಕೆಬಿಪಿಯನ್ನು ನಿಲ್ಲಿಸುವುದೇ ಮದ್ದಿನ ಗುಟ್ಟಾಗಿದ್ದರೆ ಎರಡೂ ಸೇರಿದಾಗ ಪ್ರಭಾವ ಉಳಿಯಬೇಕಿತ್ತು, ಅಳಿಸಬಾರದಿತ್ತು.

ಉತ್ತರ ಬಂದದ್ದು ಯೀಸ್ಟ್‌ನಿಂದ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜೋಸೆಫ್ ಹೈಟ್‌ಮನ್, ರಾವ್ ಮೊವ್ವ, ಮೈಕೆಲ್ ಹಾಲ್ ಅವರು ರಾಪಮೈಸಿನ್ ಹಾಕಿದ ತಟ್ಟೆಯಲ್ಲೂ ಬೆಳೆಯುವ ಯೀಸ್ಟ್ ತಳಿಗಳನ್ನು ಹುಡುಕಿದರು. 1991ರಲ್ಲಿ ಪ್ರಕಟವಾದ ಆ ಕೆಲಸ ಇಂದಿಗೂ ಓದಿದವರ ಮೈ ಜುಮ್ಮೆನಿಸುತ್ತದೆ. ಬದುಕಿದ ತಳಿಗಳಲ್ಲಿ ಹೆಚ್ಚಿನವಕ್ಕೆ ಎಫ್‌ಕೆಬಿಪಿಯ ಜೀನ್ ಕೆಟ್ಟಿತ್ತು. ಎಂದರೆ, ಎಫ್‌ಕೆಬಿಪಿ ಇಲ್ಲದೆಯೂ ಯೀಸ್ಟ್ ನೆಮ್ಮದಿಯಾಗಿತ್ತು. ಅದು ಇದ್ದಾಗ ಮಾತ್ರ ರಾಪಮೈಸಿನ್ ವಿಷವಾಗುತ್ತಿತ್ತು. ಉಳಿದ ಕೆಲವು ತಳಿಗಳಲ್ಲಿ ಬೇರೆ ಎರಡು ಜೀನ್‌ಗಳು ಬದಲಾಗಿದ್ದವು. ಅವಕ್ಕೆ ಟಾರ್1, ಟಾರ್2 ಎಂದು ಕರೆದರು. ಟಾರ್ ಎಂದರೆ ‘ರಾಪಮೈಸಿನ್‌ನ ಗುರಿ’ ಎಂದೇ ಅರ್ಥ.

ಚಿತ್ರ ಸ್ಪಷ್ಟವಾಯಿತು. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಸವರದಿದ್ದರೆ ಮೇಣ ಹತ್ತಿ ಬೆರಳಿಗೆ ಬೆರಳು ಅಂಟುತ್ತದೆ. ರಾಪಮೈಸಿನ್ ಅಂಥ ಮೇಣ. ಅದರ ಒಂದು ಮಗ್ಗುಲು ಎಫ್‌ಕೆಬಿಪಿಗೆ, ಇನ್ನೊಂದು ಮಗ್ಗುಲು ಟಾರ್‌ಗೆ. ಎಂದೂ ಒಂದನ್ನೊಂದು ಅರಸದ ಎರಡು ಪ್ರೋಟೀನ್‌ಗಳು ಅದರಿಂದಾಗಿ ಜೊತೆಯಾಗುತ್ತವೆ, ಟಾರ್‌ನ ಕೆಲಸ ಕೆಡುತ್ತದೆ. ಎಫ್‌ಕೆ506 ಅದೇ ಎಫ್‌ಕೆಬಿಪಿಯನ್ನು ಕ್ಯಾಲ್ಸಿನ್ಯೂರಿನ್ ಎಂಬ ಬೇರೆ ಕಿಣ್ವಕ್ಕೆ ಅಂಟಿಸುತ್ತದೆ. ಇಬ್ಬರೂ ಒಂದೇ ಎಫ್‌ಕೆಬಿಪಿಗಾಗಿ ಸ್ಪರ್ಧಿಸುವುದರಿಂದ ಒಬ್ಬರ ಪ್ರಭಾವವನ್ನು ಇನ್ನೊಬ್ಬರು ಅಳಿಸುತ್ತಿದ್ದರು. ಟಾರ್ ಪ್ರೋಟೀನಿನ ಅಂಟುವ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಮೇಣ ಹಿಡಿಯುವುದಿಲ್ಲ. ಬದುಕಿದ ಯೀಸ್ಟ್‌ನ ಗುಟ್ಟು ಅದೇ ಆಗಿತ್ತು.

1994ರಲ್ಲಿ ಸಸ್ತನಿಗಳಲ್ಲೂ ಟಾರ್ ಸಿಕ್ಕಿತು. ಕೋಶಕ್ಕೆ ಆಹಾರ ಸಾಕಷ್ಟಿದೆಯೇ, ಬೆಳೆಯಬಹುದೇ ಎಂದು ಲೆಕ್ಕ ಹಾಕುವ ಯಜಮಾನ ಅದು ಎಂದು ಕ್ರಮೇಣ ತಿಳಿಯಿತು. ಅದು ಬೇರೆ ಬೇರೆ ಪ್ರೋಟೀನ್‌ಗಳೊಂದಿಗೆ ಸೇರಿ ಎರಡು ಪ್ರತ್ಯೇಕ ಕೂಟಗಳನ್ನು ಕಟ್ಟುತ್ತದೆ. ರಾಪಮೈಸಿನ್ ನೇರವಾಗಿ ಮುಟ್ಟುವುದು ಮೊದಲನೆಯದನ್ನು ಮಾತ್ರ.

ಆ ಮೊದಲ ಕೂಟವನ್ನಾದರೂ ಅದು ಪೂರ್ತಿ ಮುಚ್ಚುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ರಾಪಮೈಸಿನ್ ಹಾಕಿದಾಗ ಯಾವುದು ನಿಲ್ಲಲಿಲ್ಲವೋ ಅದು ಈ ಕೂಟದ ಕೆಲಸವಲ್ಲ ಎಂದು ಬರೆದಿಟ್ಟರು. ಇದು ತಪ್ಪೆಂದು ತೋರಿಸಿದ್ದು 2009ರಲ್ಲಿ ಬಂದ ಟೊರಿನ್1 ಎಂಬ ಹೊಸ ಪ್ರತಿಬಂಧಕ. ಅದು ಅಂಟಲ್ಲ. ಟಾರ್ ತನ್ನ ಇಂಧನವಾದ ಎಟಿಪಿಯನ್ನು ಹಿಡಿಯುವ ಗುಳಿಯಲ್ಲೇ ಹೋಗಿ ಕೂರುತ್ತದೆ. ಅದನ್ನು ಹಾಕಿದಾಗ, ಪ್ರೋಟೀನ್ ತಯಾರಿಕೆಯ ಕಡಿವಾಣ ಹಿಡಿದಿರುವ 4ಇ-ಬಿಪಿ1 ಎಂಬ ಪ್ರೋಟೀನಿಗೆ ಟಾರ್ ಕಳಿಸುವ ಸಂಕೇತ ಪೂರ್ತಿ ನಿಂತಿತು. ರಾಪಮೈಸಿನ್ ಅದನ್ನು ಅರೆಬರೆ ಮಾತ್ರ ತಡೆಯುತ್ತಿತ್ತು. ತೂಬು ಸೋರುತ್ತಿತ್ತು, ಒಣಗದ ಗದ್ದೆಗೆ ಬೇರೆ ತೂಬಿನ ನೀರು ಎಂದು ಲೆಕ್ಕ ಬರೆದಿದ್ದರು. ಅದಕ್ಕೇ ಇಂದು ಎಚ್ಚರದ ಪ್ರಯೋಗಾಲಯಗಳು ಒಂದೇ ಪ್ರತಿಬಂಧಕದ ಮಾತು ಕೇಳಿ ತೀರ್ಪು ಕೊಡುವುದಿಲ್ಲ. ಬೇರೆ ಬಗೆಯಲ್ಲಿ ತಡೆಯುವ ಎರಡನೆಯದನ್ನೂ ಹಾಕುತ್ತಾರೆ. ಔಷಧ ಅಂಟದಂತೆ ಬದಲಿಸಿದ ಪ್ರೋಟೀನನ್ನು ಕೋಶಕ್ಕೆ ಸೇರಿಸಿ, ಕೆಲಸ ಮರಳಿ ಬರುತ್ತದೆಯೇ ಎಂದು ನೋಡುತ್ತಾರೆ.

ರಾಪಮೈಸಿನ್‌ನ ಅಂಟುಗುಣವಂತೂ ಈಗ ಸ್ವತಃ ಒಂದು ಉಪಕರಣ. ಕೋಶದ ಯಾವುದೇ ಎರಡು ಪ್ರೋಟೀನ್‌ಗಳು ಹತ್ತಿರ ಬಂದರೆ ಏನಾಗುತ್ತದೆ ಎಂದು ತಿಳಿಯಬೇಕೇ? ಒಂದಕ್ಕೆ ಎಫ್‌ಕೆಬಿಪಿಯನ್ನೂ ಇನ್ನೊಂದಕ್ಕೆ ಟಾರ್‌ನ ಅಂಟುವ ತುಣುಕನ್ನೂ ಜೋಡಿಸಿ, ರಾಪಮೈಸಿನ್ ಹಾಕಿದರೆ ನಿಮಿಷಗಳಲ್ಲಿ ಎರಡೂ ಕೂಡುತ್ತವೆ. ಆದರೆ ಅದೇ ಮದ್ದು ಕೋಶದ ಸ್ವಂತ ಟಾರ್‌ಗೂ ಅಂಟಿ ಪ್ರಯೋಗ ಕೆಡಿಸಬಾರದಲ್ಲ? ಅದಕ್ಕಾಗಿ ರಸಾಯನಶಾಸ್ತ್ರಜ್ಞರು ರಾಪಮೈಸಿನ್‌ಗೆ ಒಂದು ಉಬ್ಬು ಸೇರಿಸಿದ್ದಾರೆ. ಕೋಶದ ಟಾರ್‌ಗೆ ಅದು ಹೊಂದುವುದಿಲ್ಲ. ಆ ಉಬ್ಬಿಗೆ ತಕ್ಕ ತಗ್ಗು ಕೊರೆದ ತುಣುಕಿಗೆ ಮಾತ್ರ ಸರಿಯಾಗಿ ಕೂರುತ್ತದೆ.