ಮುಗಿಯದ ಆಟದ ಲೆಕ್ಕ: ವಿಡಿಯೋ ಗೇಮ್ ಉದ್ಯಮದಲ್ಲಿ ನೌಕರರು ಮತ್ತು ಗ್ರಾಹಕರು

ವಿಡಿಯೋ ಗೇಮ್ ಉದ್ಯಮದ ವಿರುದ್ಧ ಕೆಲವು ವರ್ಷಗಳಿಂದ ಎರಡು ಬಗೆಯ ದೂರುಗಳು ಒಟ್ಟೊಟ್ಟಿಗೇ ಕೇಳಿಬರುತ್ತಿವೆ. ಲಾಭ ಬಂದ ವರ್ಷವೂ ನೂರಾರು ಜನರನ್ನು ಕೆಲಸದಿಂದ ತೆಗೆಯುತ್ತಾರೆ ಎಂಬುದು ನೌಕರರ ಅಳಲು. ಹಣ ಕೊಟ್ಟು ಕೊಂಡ ಆಟವನ್ನು ಕಂಪನಿ ತನಗೆ ಬೇಕೆನಿಸಿದಾಗ ನಿಲ್ಲಿಸಿಬಿಡುತ್ತದೆ ಎಂಬುದು ಆಟಗಾರರ ಅಳಲು. ಸುದ್ದಿಗಳಲ್ಲಿ ಇವು ಬೇರೆ ಬೇರೆ ವಿಷಯಗಳಂತೆ ಕಂಡರೂ ಎರಡೂ ಒಂದೇ ಬದಲಾವಣೆಯ ಫಲ. ಒಮ್ಮೆ ತಯಾರಿಸಿ, ಮಾರಿ, ಕೈತೊಳೆದುಕೊಳ್ಳುವ ಸರಕಾಗಿದ್ದ ಆಟ, ಎಂದೂ ಮುಗಿಯದ ಸೇವೆಯಾಯಿತು.

ಮೊದಲ ದಿನಗಳಲ್ಲಿ ಜಗಳ ಇದ್ದದ್ದು ಹೆಸರು ಮತ್ತು ಪಾಲಿನ ಬಗ್ಗೆ. ಅಟಾರಿ ಕಂಪನಿಯಲ್ಲಿ ಆಟ ರಚಿಸಿದವರ ಹೆಸರು ಎಲ್ಲಿಯೂ ಕಾಣಿಸುತ್ತಿರಲಿಲ್ಲ, ಮಾರಾಟದ ಹಣದಲ್ಲಿ ಅವರಿಗೆ ಪಾಲೂ ಇರಲಿಲ್ಲ. ಇದರಿಂದ ಬೇಸತ್ತ ನಾಲ್ವರು ಪ್ರೋಗ್ರಾಮರ್‌ಗಳು 1979ರಲ್ಲಿ ಹೊರನಡೆದು ಆಕ್ಟಿವಿಷನ್ ಎಂಬ ಬೇರೆ ಕಂಪನಿ ಕಟ್ಟಿದರು. ಅಟಾರಿಯ ಮತ್ತೊಬ್ಬ ಪ್ರೋಗ್ರಾಮರ್ ವಾರನ್ ರಾಬಿನೆಟ್ 'ಅಡ್ವೆಂಚರ್' ಆಟದೊಳಗಿನ ಗುಪ್ತ ಕೋಣೆಯೊಂದರಲ್ಲಿ ತಮ್ಮ ಹೆಸರನ್ನು ಬಚ್ಚಿಟ್ಟರು. ಗ್ರಾಹಕನ ಮಟ್ಟಿಗೆ ಆಗ ವ್ಯವಹಾರ ಸರಳವಾಗಿತ್ತು. ಆಟ ಚೆನ್ನಾಗಿರಲಿ ಕೆಟ್ಟದಾಗಿರಲಿ, ಕೊಂಡ ಕಾರ್ಟ್ರಿಜ್ ಅವನದೇ.

ಮುಂದಿನ ಎರಡು ದಶಕಗಳಲ್ಲಿ ತಂಡಗಳು ಬೆಳೆದವು, ಬಿಡುಗಡೆಯ ಗಡುವುಗಳು ಬಿಗಿಯಾದವು. ಬಿಡುಗಡೆಗೆ ಮುಂಚಿನ ವಾರಗಳಲ್ಲಿ ಹಗಲಿರುಳು ದುಡಿಯುವುದಕ್ಕೆ ಉದ್ಯಮದಲ್ಲಿ 'ಕ್ರಂಚ್' ಎನ್ನುತ್ತಾರೆ. 2004ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ನೌಕರರೊಬ್ಬರ ಸಂಗಾತಿ ಹೆಸರು ಹೇಳದೆ ಬರೆದ ಬಹಿರಂಗ ಪತ್ರವೊಂದು, ಈ ಕೆಲವು ವಾರಗಳ ತುರ್ತು ತಿಂಗಳುಗಟ್ಟಲೆ ನಡೆಯುವ ರೂಢಿಯಾಗಿರುವುದನ್ನು ಹೊರಜಗತ್ತಿಗೆ ತಿಳಿಸಿತು. ಓವರ್‌ಟೈಮ್ ವೇತನಕ್ಕಾಗಿ ಹೂಡಿದ್ದ ಎರಡು ಮೊಕದ್ದಮೆಗಳನ್ನು ಕಂಪನಿ ಕಲಾವಿದರಿಗೆ 1.56 ಕೋಟಿ ಡಾಲರ್, ಪ್ರೋಗ್ರಾಮರ್‌ಗಳಿಗೆ 1.49 ಕೋಟಿ ಡಾಲರ್ ಕೊಟ್ಟು ರಾಜಿಯಲ್ಲಿ ಮುಗಿಸಿತು. ಹಣ ಬಂತು, ಆದರೆ ಕ್ರಂಚ್ ಹೋಗಲಿಲ್ಲ.

ನಿಜವಾದ ತಿರುವು ಬಂದದ್ದು ಅಂತರ್ಜಾಲದ ಮೂಲಕ ಆಟದೊಳಗೇ ಮಾರಾಟ ಮಾಡುವುದು ಸಾಧ್ಯವಾದಾಗ. 2006ರಲ್ಲಿ 'ಆಬ್ಲಿವಿಯನ್' ಆಟದ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದಾಗ ಜನ ನಕ್ಕಿದ್ದರು. ಲೂಟ್ ಬಾಕ್ಸ್ ಬಂದ ಮೇಲೆ ಆ ನಗು ಉಳಿಯಲಿಲ್ಲ. ಒಳಗೇನಿದೆಯೆಂದು ತಿಳಿಯದೆ ಹಣ ತೆತ್ತು ತೆರೆಯುವ ಪೆಟ್ಟಿಗೆ ಅದು. ಬೇಕಾದ ಆಟಗಾರನೋ ಆಯುಧವೋ ಸಿಗುವ ಸಂಭವ ಎಷ್ಟೆಂಬುದು ಬಹುಕಾಲ ಕಂಪನಿಗೆ ಮಾತ್ರ ಗೊತ್ತಿತ್ತು. ಸಿಗದಿದ್ದರೆ ಮತ್ತೊಂದು ಪೆಟ್ಟಿಗೆ ಕೊಳ್ಳಬೇಕು. ಇದರಲ್ಲಿ ಎಷ್ಟು ಹಣವಿತ್ತೆಂದರೆ, 2021ರ ಮಾರ್ಚ್‌ಗೆ ಮುಗಿದ ಆರ್ಥಿಕ ವರ್ಷದಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ತನ್ನ ಕ್ರೀಡಾ ಆಟಗಳಲ್ಲಿ ಇಂಥ ಪೆಟ್ಟಿಗೆಗಳಿಂದ ಆಟಗಾರರನ್ನು ಪಡೆದು ತಂಡ ಕಟ್ಟುವ 'ಅಲ್ಟಿಮೇಟ್ ಟೀಮ್' ವಿಭಾಗವೊಂದರಿಂದಲೇ 162 ಕೋಟಿ ಡಾಲರ್ ಪಡೆಯಿತು. ಅದು ಕಂಪನಿಯ ಒಟ್ಟು ವರಮಾನದ ಸುಮಾರು ಶೇ 29. ಕ್ರೀಡಾ ಆಟಗಳನ್ನು ಆಡುವವರಲ್ಲಿ ಮಕ್ಕಳೂ ಬಹಳ ಮಂದಿ ಇದ್ದಾರೆಂಬುದನ್ನು ನೆನೆದರೆ ಈ ಅಂಕಿ ಇನ್ನಷ್ಟು ಭಾರವಾಗಿ ಕಾಣುತ್ತದೆ.

ಸಹನೆ ಒಡೆದದ್ದು 2017ರ ನವೆಂಬರ್‌ನಲ್ಲಿ. ಇದೇ ಕಂಪನಿಯ, 60 ಡಾಲರ್ ಪೂರ್ತಿ ಬೆಲೆಯ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಆಟದಲ್ಲಿ ಡಾರ್ತ್ ವೇಡರ್‌ನಂಥ ಮುಖ್ಯ ಪಾತ್ರವನ್ನು ಪಡೆಯಲು ಹತ್ತಾರು ಗಂಟೆ ಆಡಿ ಅಂಕ ಕೂಡಿಸಬೇಕಿತ್ತು. ದಾರಿ ಹತ್ತಿರವಾಗಬೇಕಾದರೆ ಪೆಟ್ಟಿಗೆಗಳಿಗೆ ಮತ್ತೆ ಹಣ ಸುರಿಯಬಹುದಿತ್ತು. ಕಂಪನಿ ರೆಡಿಟ್ ಎಂಬ ಚರ್ಚಾತಾಣದಲ್ಲಿ ಕೊಟ್ಟ ಸಮಜಾಯಿಷಿಗೆ 6 ಲಕ್ಷಕ್ಕೂ ಹೆಚ್ಚು ವಿರೋಧ ಮತಗಳು ಬಿದ್ದವು, ಬಿಡುಗಡೆಯ ಹಿಂದಿನ ದಿನ ಆಟದೊಳಗಿನ ಖರೀದಿಯನ್ನೇ ನಿಲ್ಲಿಸಬೇಕಾಯಿತು. ಮರುವರ್ಷ ಬೆಲ್ಜಿಯಂ, 'ಫಿಫಾ 18' ಸೇರಿದಂತೆ ಮೂರು ಆಟಗಳ ಲೂಟ್ ಬಾಕ್ಸ್‌ಗಳನ್ನು ಕಾನೂನುಬಾಹಿರ ಜೂಜು ಎಂದು ಸಾರಿತು. ಬೇರೆ ಹಲವು ದೇಶಗಳು ಅಷ್ಟು ದೂರ ಹೋಗಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ಇದೇ ಕಾರಣಕ್ಕೆ ಎಲೆಕ್ಟ್ರಾನಿಕ್ ಆರ್ಟ್ಸ್ ಮೇಲೆ ವಿಧಿಸಿದ 1 ಕೋಟಿ ಯೂರೊ ದಂಡವನ್ನು ಅಲ್ಲಿನ ಉನ್ನತ ನ್ಯಾಯಪೀಠ 2022ರಲ್ಲಿ ರದ್ದುಮಾಡಿತು. ಅದೇ ವರ್ಷ ಬ್ರಿಟನ್ ಸರ್ಕಾರ ಜೂಜಿನ ಕಾಯ್ದೆಯನ್ನು ತಿದ್ದುವುದಿಲ್ಲವೆಂದಿತು. ಆ ವರ್ಷದ ಕೊನೆಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 'ಫೋರ್ಟ್‌ನೈಟ್' ತಯಾರಕರಾದ ಎಪಿಕ್ ಗೇಮ್ಸ್ ಜೊತೆ 52 ಕೋಟಿ ಡಾಲರ್‌ಗಳ ಇತ್ಯರ್ಥಕ್ಕೆ ಬಂತು. ಅದರಲ್ಲಿ 24.5 ಕೋಟಿ ಗ್ರಾಹಕರಿಗೆ ಮರಳಿಸಬೇಕಾದ ಹಣ: ಒಂದು ಗುಂಡಿ ತಪ್ಪಿ ಒತ್ತಿದರೂ ಖರೀದಿ ನಡೆದುಹೋಗುತ್ತಿತ್ತು, ಅದನ್ನು ಬ್ಯಾಂಕಿನಲ್ಲಿ ಪ್ರಶ್ನಿಸಿದವರ ಆಟದ ಖಾತೆಗೇ ಬೀಗ ಬೀಳುತ್ತಿತ್ತು ಎಂಬುದು ಆಯೋಗದ ಆರೋಪ.

ಗ್ರಾಹಕರು ಪದೇಪದೇ ಹಣ ತೆರುತ್ತಿರಬೇಕಾದರೆ ಅವರಿಗೆ ಪ್ರತಿ ವಾರ ಹೊಸದೇನಾದರೂ ಕೊಡುತ್ತಿರಬೇಕು. ಹೀಗಾಗಿ ಬಿಡುಗಡೆಯೊಂದಿಗೆ ಮುಗಿಯುತ್ತಿದ್ದ ಕ್ರಂಚ್‌ಗೆ ಕೊನೆಯೇ ಇಲ್ಲವಾಯಿತು. 'ಫೋರ್ಟ್‌ನೈಟ್' ಯಶಸ್ಸಿನ ಬೆನ್ನಲ್ಲೇ ವಾರಕ್ಕೆ 70 ಗಂಟೆ ದುಡಿಯುತ್ತಿದ್ದೇವೆಂದು ಎಪಿಕ್ ನೌಕರರು 2019ರಲ್ಲಿ ಪತ್ರಕರ್ತರಿಗೆ ಹೇಳಿದರು. ಹೆಚ್ಚು ಹೊರೆ ಹೊತ್ತವರು, ಕಡಿಮೆ ಸಂಬಳದ ಪರೀಕ್ಷಕರು, ಅಂದರೆ ಆಟದ ದೋಷಗಳನ್ನು ಹುಡುಕುವವರು. ಇವರಲ್ಲಿ ಅನೇಕರದು ಗುತ್ತಿಗೆಯ ಕೆಲಸ. ಅದೇ ವರ್ಷದ ಫೆಬ್ರವರಿಯಲ್ಲಿ ಆಕ್ಟಿವಿಷನ್ ಬ್ಲಿಜರ್ಡ್ ದಾಖಲೆಯ ವಾರ್ಷಿಕ ವರಮಾನವನ್ನೂ ಸುಮಾರು ಶೇ 8ರಷ್ಟು ನೌಕರರ ವಜಾವನ್ನೂ ಒಂದೇ ದಿನ ಪ್ರಕಟಿಸಿತು. ಇಂಥ ಕ್ರಮಗಳಿಗೆ ಕಂಪನಿಗಳು ಕೊಡುವ ವ್ಯಾವಹಾರಿಕ ಕಾರಣಗಳು ಇರಬಹುದು; ಕೆಲಸ ಕಳೆದುಕೊಂಡವರಿಗೆ ಅದನ್ನು ಅರಗಿಸಿಕೊಳ್ಳಲು ಆಗದಿದ್ದರೆ ಅಚ್ಚರಿಯಿಲ್ಲ.

ನೌಕರರು ಸಂಘಟಿತರಾದದ್ದು ಈ ಹಿನ್ನೆಲೆಯಲ್ಲಿ. 2021ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವೇ ಲಿಂಗ ತಾರತಮ್ಯ ಮತ್ತು ಕಿರುಕುಳದ ಆರೋಪಗಳ ಮೇಲೆ ಆಕ್ಟಿವಿಷನ್ ಬ್ಲಿಜರ್ಡ್ ವಿರುದ್ಧ ದಾವೆ ಹೂಡಿದಾಗ ಉದ್ಯೋಗಿಗಳು ಕಚೇರಿಯಿಂದ ಹೊರನಡೆದರು. ಅದೇ ಸಮೂಹದ ರೇವನ್ ಸಾಫ್ಟ್‌ವೇರ್‌ನ ಪರೀಕ್ಷಕರು ಸಹೋದ್ಯೋಗಿಗಳ ವಜಾ ವಿರೋಧಿಸಿ ಮುಷ್ಕರ ಹೂಡಿ, 2022ರ ಮೇ ತಿಂಗಳಲ್ಲಿ 19-3 ಮತಗಳಿಂದ ಸಂಘ ಕಟ್ಟಿಕೊಂಡರು. ಬೆರಳೆಣಿಕೆಯ ಈ ಮತಗಳು ದೊಡ್ಡ ಸಂಸ್ಥೆಗಳಲ್ಲಿ ಇನ್ನಷ್ಟು ಸಂಘಗಳಿಗೆ ದಾರಿ ಮಾಡಿದವು. ಆದರೆ ಸಂಘಗಳಿಗೆ ವಜಾಗಳನ್ನು ತಡೆಯಲಾಗಲಿಲ್ಲ. ಆಕ್ಟಿವಿಷನ್ ಬ್ಲಿಜರ್ಡ್ ಅನ್ನು ಸುಮಾರು 6,900 ಕೋಟಿ ಡಾಲರಿಗೆ ಕೊಂಡ ಮೈಕ್ರೋಸಾಫ್ಟ್, ಮೂರೇ ತಿಂಗಳಲ್ಲಿ, 2024ರ ಜನವರಿಯಲ್ಲಿ, ತನ್ನ ಗೇಮ್ ವಿಭಾಗದ 1,900 ಜನರನ್ನು ತೆಗೆಯಿತು. ಮರುತಿಂಗಳು ಸೋನಿ ಸುಮಾರು 900 ಜನರನ್ನು.

ಆಟಗಾರರ ಇತ್ತೀಚಿನ ಹೋರಾಟ ಶುರುವಾದದ್ದೂ 2024ರಲ್ಲೇ. 2014ರಲ್ಲಿ ಬಂದ ಯೂಬಿಸಾಫ್ಟ್‌ನ 'ದಿ ಕ್ರೂ' ಎಂಬ ಕಾರು ಓಟದ ಆಟಕ್ಕೆ, ಒಬ್ಬರೇ ಆಡಿದರೂ, ಕಂಪನಿಯ ಸರ್ವರ್ ಬೇಕೇಬೇಕಿತ್ತು. ಮಾರ್ಚ್ 31ರಂದು ಸರ್ವರ್ ನಿಂತಾಗ ಡಿಸ್ಕ್ ಕೈಯಲ್ಲಿದ್ದವರಿಗೂ ಆಟ ಇಲ್ಲವಾಯಿತು. ಮಾರಿದ ಆಟವನ್ನು ಸೇವೆ ನಿಂತ ಮೇಲೂ ಆಡುವಂತೆ ಉಳಿಸಿಕೊಡಬೇಕೆಂದು ಇದರಿಂದ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅಭಿಯಾನ ಸಲ್ಲಿಸಹೊರಟ ಅರ್ಜಿಗೆ ಯುರೋಪಿನಲ್ಲಿ 2025ರ ಜುಲೈ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. 2025ರ ಜನವರಿ 1ರಂದು ಜಾರಿಗೆ ಬಂದ ಕ್ಯಾಲಿಫೋರ್ನಿಯದ ಕಾನೂನು, ಡಿಜಿಟಲ್ ಆಟ ಮಾರುವವರು ತಾವು ಕೊಡುತ್ತಿರುವುದು ಬಳಕೆಯ ಪರವಾನಗಿ ಮಾತ್ರ ಎಂದು ಖರೀದಿಗೆ ಮುನ್ನ ಸ್ಪಷ್ಟವಾಗಿ ಹೇಳಬೇಕೆನ್ನುತ್ತದೆ. ಆಟವನ್ನು ಉಳಿಸಿಕೊಡಬೇಕೆಂದು ಅದು ಹೇಳುವುದಿಲ್ಲ.

ಉಳಿಸಿಕೊಡುವುದು ಅಸಾಧ್ಯವೇನಲ್ಲ. 'ದಿ ಕ್ರೂ' ಸರಣಿಯ ಮುಂದಿನ ಎರಡು ಆಟಗಳಿಗೆ ಸರ್ವರ್ ಇಲ್ಲದೆಯೂ ಆಡುವ ವ್ಯವಸ್ಥೆ ಕೊಡುವುದಾಗಿ ಯೂಬಿಸಾಫ್ಟ್ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಆದರೆ ಅಂಥ ಬದಲಾವಣೆಯನ್ನು ಯಾರಾದರೂ ಕೂತು ಬರೆಯಬೇಕು, ಯಾರಾದರೂ ಪರೀಕ್ಷಿಸಬೇಕು. ಆಟವೊಂದರ ಜೊತೆ ಅದರ ತಂಡವನ್ನೂ ಮುಚ್ಚಿದಾಗ ಆ ಕೆಲಸ ಬಲ್ಲವರು ಕಂಪನಿಯಲ್ಲೇ ಇರುವುದಿಲ್ಲ.