ಎಷ್ಟಿದ್ದರೆ ಸಾಕು? ಕಲ್ಯಾಣದ ನಾಡಿನ ಹಳೆಯ ಪ್ರಶ್ನೆ

ಭೀಮಾ ದಂಡೆಯ ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನದಲ್ಲಿ ಒಂದು ಬುದ್ಧಿಮಾತಿದೆ. ಸುಮ್ನೆ ನಿಮ್ಮ ಮತವನ್ನೇ ಹೊಗಳಿಕೊಳ್ಳಬೇಡಿ, ಬೇರೆಯವರ ಧರ್ಮವನ್ನೂ ಕೇಳಿ. ಈ ಕಲ್ಲು ಕಾಳಿಯ ವಿಗ್ರಹಕ್ಕೆ ಪೀಠವಾಗಿತ್ತು. 1986ರಲ್ಲಿ ಗುಡಿಯ ಚಾವಣಿ ಕುಸಿದ ಮೇಲೆ ಬೆಳಕಿಗೆ ಬಂತು. ಆ ಮಾತಿನಂತೆ ಕಲಬುರಗಿ, ಬೀದರ್ ಸೀಮೆಯ ಮತಗಳನ್ನು ಒಂದೊಂದಾಗಿ ಕೇಳುತ್ತ ಹೋದರೆ ಒಂದು ಪ್ರಶ್ನೆ ಮತ್ತೆಮತ್ತೆ ಎದುರಾಗುತ್ತದೆ: ಚೆನ್ನಾಗಿ ಬಾಳಲು ಎಷ್ಟಿದ್ದರೆ ಸಾಕು?

9ನೇ ಶತಮಾನದ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಜೈನರ ಮಾತಿಗೆ ಬೆಲೆಯಿತ್ತು. ಮುನಿಗಳು ಎಲ್ಲವನ್ನೂ ಬಿಡಬೇಕು. ಸಂಸಾರಿಗಳು ಹೊಲ, ಚಿನ್ನ, ಧಾನ್ಯ ಇಷ್ಟೇ ಸಾಕು ಎಂದು ತಾವೇ ಮಿತಿ ಹಾಕಿಕೊಳ್ಳಬೇಕು. ದೊರೆ ಅಮೋಘವರ್ಷ ಕಡೆಗೆ ರಾಜ್ಯವನ್ನೇ ಬಿಟ್ಟ ಎನ್ನುತ್ತಾರೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನದು ಬೇರೆಯೇ ದಾರಿ. 1129ರ ಸುಮಾರಿನ ಅವನ ‘ಮಾನಸೋಲ್ಲಾಸ’ ಸುಳ್ಳು ಬೇಡ, ಹೊಟ್ಟೆಕಿಚ್ಚು ಬೇಡ ಎಂಬ ನೀತಿಯನ್ನೂ ಹೇಳುತ್ತದೆ. ಊಟ, ಗಂಧ, ಒಡವೆ, ಬೇಟೆಗಳನ್ನು ಸವಿಯುವ ಬಗೆಯನ್ನೂ ವಿವರಿಸುತ್ತದೆ. ಅರಸನಿಗೇನೋ ಸರಿ, ಉಳಿದವರ ಗತಿ?

ಕೆಲವೇ ದಶಕಗಳಲ್ಲಿ ಅದೇ ಊರಿನಲ್ಲಿ ಶರಣರು ಪ್ರಶ್ನೆಯನ್ನೇ ಬದಲಿಸಿದರು. ಆಯ್ದಕ್ಕಿ ಮಾರಯ್ಯ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ಜಾಸ್ತಿ ತಂದರು. ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ’ ಎಂದು ಕೇಳಿದರು. ಹೆಚ್ಚಿನ ಅಕ್ಕಿಯನ್ನು ವಾಪಸ್ ಸುರಿದು ಬರಲು ಹೇಳಿದರು. ಆ ಅಕ್ಕಿಯನ್ನು ದಾಸೋಹಕ್ಕೇ ಬಳಸಬಹುದಿತ್ತು ಅಲ್ವಾ? ಲಕ್ಕಮ್ಮನ ಲೆಕ್ಕ ಹಾಗಲ್ಲ. ಎಷ್ಟು ಇಟ್ಟುಕೊಂಡೆ, ಎಷ್ಟು ಕೊಟ್ಟೆ ಎನ್ನುವುದು ಆಮೇಲಿನ ಮಾತು. ಅದು ಹೇಗೆ ಬಂತು ಎನ್ನುವುದು ಮೊದಲು. ಈ ನೆಲದಲ್ಲಿ ಹುಟ್ಟಿದ ಉತ್ತರಗಳಲ್ಲಿ ನನಗೆ ಇದೇ ಅತಿ ಕಠಿಣ ಎನಿಸುತ್ತದೆ. ದಾನ ಕೊಟ್ಟು ತಪ್ಪಿಸಿಕೊಳ್ಳುವ ದಾರಿಯನ್ನೂ ಇದು ಮುಚ್ಚುತ್ತದೆ.

1400ರ ಆಸುಪಾಸು ದೆಹಲಿ ಕಡೆಯಿಂದ ಕಲಬುರಗಿಗೆ ಬಂದ ಖ್ವಾಜಾ ಬಂದೇನವಾಜರು ಚಿಶ್ತಿ ಸೂಫಿ ಪಂಥದವರು. ಕೇಳದೇ ಬಂದ ಕಾಣಿಕೆಯನ್ನು ಕೂಡಿಡದೆ ಹಂಚಿಬಿಡು, ನಾಳೆಯದು ದೇವರಿಗೆ ಬಿಡು ಎನ್ನುವುದು ಆ ಪಂಥದ ಹಳೆಯ ರೂಢಿ.

ಶರಣರೂ ಸೂಫಿಗಳೂ ಹೇಳಿದ್ದು ಒಂದೇ ಎಂದು ನಮ್ಮ ಕಡೆ ವೇದಿಕೆಗಳಲ್ಲಿ ಹೇಳುವುದುಂಟು. ಹಂಚಿ ತಿನ್ನುವ ಮಟ್ಟಿಗೆ ನಿಜ. ಆದರೆ ಗುರುವಾಗಲಿ ಜಂಗಮನಾಗಲಿ, ಕಾಯಕ ತಪ್ಪದು ಎಂದ ಶರಣ ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗ ಹೊಸೆದು ಮಾರಿ ದಾಸೋಹ ಮಾಡಿದವರು. ಕೇಳದೇ ಬಂದ ಕಾಣಿಕೆ ದೇವರು ಕಳಿಸಿದ್ದು ಎನ್ನುವ ಮಾತಿಗೆ ಅವರು ಅಷ್ಟು ಸುಲಭವಾಗಿ ಹೂಂ ಎನ್ನುತ್ತಿರಲಿಲ್ಲ.