ಚಾರ್ಜರ್ ತಿರುಗಿಸಿ ನೋಡಿದ್ದೀರಾ?

ಮೂರು ವಾರದ ಹಿಂದೆ, ಒಂದು ಶನಿವಾರ. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಅಂಗಡಿಗೆ ಬಂದ. ವಾರವೆಲ್ಲ ತಿರುಮಣಿ ಕಡೆ ಬಾಡಿಗೆ ರೂಮಿನಲ್ಲಿರುತ್ತಾನೆ, ಶನಿವಾರ ತುಮಕೂರಿಗೆ ಬರುತ್ತಾನೆ. ಬ್ಯಾಗಿನಿಂದ ಹೊಸ ಲ್ಯಾಪ್‌ಟಾಪ್ ತೆಗೆದು ಕೌಂಟರ್ ಮೇಲಿಟ್ಟು, "ಅಣ್ಣ, ಇದರ ಗ್ರಾಫಿಕ್ಸ್ ಕಾರ್ಡ್ ಡೂಪ್ಲಿಕೇಟ್ ಇರಬೇಕು, ಸ್ವಲ್ಪ ಚೆಕ್ ಮಾಡಿ" ಅಂದ. ಮುಖ ಸಪ್ಪಗಿತ್ತು. ಅವನ ಚಿಕ್ಕಪ್ಪನ ಮಗನ ಹತ್ತಿರವೂ ಗೇಮಿನ ಚಿತ್ರ ಮೂಡಿಸುವ ಅದೇ ಗ್ರಾಫಿಕ್ಸ್ ಚಿಪ್, ಆರ್‌ಟಿಎಕ್ಸ್ 4060, ಇರುವ ಲ್ಯಾಪ್‌ಟಾಪೇ ಇದೆಯಂತೆ. ಅದರಲ್ಲಿ ಕಾರ್ ರೇಸ್ ಗೇಮ್ ನೀರು ಹರಿದ ಹಾಗೆ ಓಡುತ್ತೆ, ಇವನದರಲ್ಲಿ ತಡವರಿಸುತ್ತೆ. ಇವನು ಕೊಟ್ಟ ದುಡ್ಡು ಅವನಿಗಿಂತ ಹದಿನೈದು ಸಾವಿರ ಜಾಸ್ತಿ.

ನಾನು ಲ್ಯಾಪ್‌ಟಾಪ್ ಆನ್ ಕೂಡ ಮಾಡಲಿಲ್ಲ. "ಚಾರ್ಜರ್ ಕೊಡಪ್ಪ" ಅಂದೆ. ತಿರುಗಿಸಿ ಹಿಂದಿನ ಸಣ್ಣಕ್ಷರ ತೋರಿಸಿದೆ. ಔಟ್‌ಪುಟ್ ಅನ್ನೋ ಸಾಲಿನಲ್ಲಿ 20 ವೋಲ್ಟ್, 6 ಆಂಪ್ ಅಂತಿತ್ತು. ಎರಡನ್ನೂ ಗುಣಿಸಿದರೆ 120 ವಾಟ್. "ಈಗ ನಿಮ್ಮಣ್ಣನಿಗೆ ಫೋನ್ ಹಾಕು, ಅವನ ಚಾರ್ಜರ್ ಹಿಂದೆ ಏನಿದೆ ಕೇಳು" ಅಂದೆ. ಅಲ್ಲಿ 20 ವೋಲ್ಟ್, 11.5 ಆಂಪ್. ಅಂದರೆ 230 ವಾಟ್. ಹುಡುಗ ದಿನವಿಡೀ ವಾಟ್ ಲೆಕ್ಕದಲ್ಲೇ ಇರೋನು. ಮತ್ತೆ ಹೇಳಬೇಕಾಗಲಿಲ್ಲ, ಕೌಂಟರ್ ಮೇಲೆ ಕೈಯೂರಿ ಸುಮ್ಮನೆ ನಿಂತುಬಿಟ್ಟ.

ಈ ವಿಷಯ ನಾನು ಎಷ್ಟು ಜನಕ್ಕೆ ಹೇಳಿದ್ದೀನೋ ಲೆಕ್ಕವಿಲ್ಲ. ಎಲ್ಲರೂ ದುಡ್ಡು ಕೊಟ್ಟಾದ ಮೇಲೆ ಬರುತ್ತಾರೆ. ಅದೇ ನನಗೆ ಸಂಕಟ. ಕೊಳ್ಳುವ ಮುಂಚೆ ಒಂದು ನಿಮಿಷ ಕೇಳಿದ್ದರೆ ಸಾಕಿತ್ತು ಅಲ್ವಾ?

ಗ್ರಾಫಿಕ್ಸ್ ಚಿಪ್‌ನ ಹೆಸರು ಒಂದೇ ಇದ್ದರೆ ಓಟವೂ ಒಂದೇ ಇರುತ್ತೆ ಅಂತ ಜನ ನಂಬಿದ್ದಾರೆ. ಹಾಗಿಲ್ಲ. ಲ್ಯಾಪ್‌ಟಾಪಿನ 4060 ಚಿಪ್‌ಗೆ ಅದನ್ನು ತಯಾರಿಸುವ ಎನ್ವಿಡಿಯಾ ಕಂಪನಿಯೇ 35 ವಾಟ್‌ನಿಂದ 115 ವಾಟ್‌ವರೆಗೆ ಅಂತ ಮಿತಿ ಕೊಟ್ಟಿದೆ. ಆ ಮಿತಿಯೊಳಗೆ ಎಷ್ಟು ವಾಟ್ ಕೊಡಬೇಕು ಅಂತ ತೀರ್ಮಾನಿಸುವವರು ಲ್ಯಾಪ್‌ಟಾಪ್ ಕಟ್ಟುವವರು. ಬಾಡಿ ತೆಳ್ಳಗಿದ್ದು ಫ್ಯಾನ್ ಸಣ್ಣದಿದ್ದರೆ ಬಿಸಿ ಹೊರಗೆ ಹೋಗಲ್ಲ, ಅದಕ್ಕೆ ಕಮ್ಮಿ ಕೊಡುತ್ತಾರೆ. ಬಾಡಿ ದಪ್ಪ ಇದ್ದರೆ ಪೂರ್ತಿ ಕೊಡುತ್ತಾರೆ. ಕೀಬೋರ್ಡ್ ಪಕ್ಕದ ಸ್ಟಿಕರ್ ಮಾತ್ರ ಎರಡಕ್ಕೂ ಅದೇ.

ಇದನ್ನು ನಾನು ಮೋಟಾರಿನ ಲೆಕ್ಕದಲ್ಲೇ ವಿವರಿಸೋದು. ಅಕ್ಕಪಕ್ಕದ ಎರಡು ಅಡಿಕೆ ತೋಟ ಅಂದುಕೊಳ್ಳಿ. ಎರಡರಲ್ಲೂ ಒಂದೇ ಕಂಪನಿಯ 5 ಎಚ್‌ಪಿ ಮೋಟಾರ್, ಬೋರ್‌ವೆಲ್‌ನಲ್ಲಿ ನೀರೂ ಅಷ್ಟೇ ಇದೆ. ಒಬ್ಬರು ಗೇಟ್ ವಾಲ್ವ್ ಪೂರ್ತಿ ತೆಗೆದಿದ್ದಾರೆ. ಇನ್ನೊಬ್ಬರದು ಮುಕ್ಕಾಲು ಪಾಲು ಮುಚ್ಚಿದೆ. ಗಿಡದ ಬುಡಕ್ಕೆ ಬೀಳೋ ನೀರು ಎರಡೂ ಕಡೆ ಒಂದೇನಾ? ಎರಡನೆಯವರು ಮೋಟಾರಿನ ಬಿಲ್ ತೋರಿಸಿ "ನಂದೂ 5 ಎಚ್‌ಪಿನೇ" ಅಂದರೆ ಗಿಡ ಕೇಳುತ್ತಾ? ಚಿಪ್ ಅನ್ನೋದು ಮೋಟಾರ್. ವಾಟ್ ಅನ್ನೋದು ಆ ಗೇಟ್ ವಾಲ್ವ್. ಲ್ಯಾಪ್‌ಟಾಪಿನಲ್ಲಿ ಆ ವಾಲ್ವನ್ನು ಫ್ಯಾಕ್ಟರಿಯಲ್ಲೇ ತಿರುಗಿಸಿ ಬಿಗಿ ಮಾಡಿರುತ್ತಾರೆ. ಆಮೇಲೆ ನಾನು ತೆಗೆಯೋಕಾಗಲ್ಲ. ಇಂಟರ್ನೆಟ್‌ನಲ್ಲಿ ಏನೇನೋ ದಾರಿ ತೋರಿಸುತ್ತಾರೆ, ದಯವಿಟ್ಟು ಕೈ ಹಾಕಬೇಡಿ. ಹಾಗೆ ಮಾಡಿಕೊಂಡು ಬೋರ್ಡ್ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ.

ಅದಕ್ಕೇ, ಮೇಲಿನ ದರ್ಜೆಯ ಚಿಪ್ ಆದರೂ ವಾಲ್ವ್ ಮುಚ್ಚಿದ 4070ಕ್ಕಿಂತ ಪೂರ್ತಿ ತೆಗೆದ 4060 ಚೆನ್ನಾಗಿ ಓಡುವುದೂ ಉಂಟು. ಹೊಸ 50 ಸರಣಿಯ ಚಿಪ್‌ಗಳಿಗೂ ಹೀಗೇ ವಾಟ್ ಮಿತಿ ಇದೆ. ಹಾಗಾಗಿ "ಹೊಸದು ಬಂದಿದೆ, ಇನ್ನು ಆ ತಾಪತ್ರಯ ಇಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಚಾರ್ಜರ್ ನೋಡೋದು ಒಂದು ಅಂದಾಜಿಗೆ ಮಾತ್ರ. ಪ್ರೊಸೆಸರ್, ಸ್ಕ್ರೀನ್, ಬ್ಯಾಟರಿ ಚಾರ್ಜಿಂಗ್ ಎಲ್ಲವೂ ಅದೇ ಚಾರ್ಜರಿನಿಂದ ನಡೀಬೇಕು. 120 ವಾಟ್ ಚಾರ್ಜರ್ ಇದ್ದರೆ ಚಿಪ್‌ಗೆ 115 ವಾಟ್ ಸಿಗೋ ಮಾತೇ ಇಲ್ಲ, ಅಷ್ಟು ಖಚಿತ. ಚಾರ್ಜರ್ ದೊಡ್ಡದಿದೆ ಅಂದ ಮಾತ್ರಕ್ಕೆ ಚಿಪ್‌ಗೆ ಪೂರ್ತಿ ಕೊಟ್ಟಿದ್ದಾರೆ ಅಂತ ಮಾತ್ರ ಹೇಳಕ್ಕಾಗಲ್ಲ. ಸರಿಯಾದ ಸಂಖ್ಯೆ ಬೇಕಿದ್ದರೆ ಕಂಪನಿಯ ಪುಟದಲ್ಲಿ ಆ ಮಾಡೆಲ್‌ನ ವಿವರ ತೆಗೆದು ಟಿಜಿಪಿ, ಅಂದರೆ ಗ್ರಾಫಿಕ್ಸ್ ಚಿಪ್‌ಗೆ ಕೊಟ್ಟಿರುವ ವಾಟ್, ಎಷ್ಟು ನೋಡಿ. ಅಂಗಡಿಯಲ್ಲಿ ಡೆಮೊ ಪೀಸ್ ಇದ್ದರೆ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆಗೆಸಿ, ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅನ್ನೋ ಸಾಲು ನೋಡಿ. ಇವೆರಡೂ ಆಗದಿದ್ದರೆ ಚಾರ್ಜರ್ ತಿರುಗಿಸಿ.

ಹಾಗಂತ ವಾಟ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ನಾನು ಹೇಳಲ್ಲ. 4060ರಲ್ಲಿ 100 ವಾಟ್ ದಾಟಿದ ಮೇಲೆ ಸಿಗೋ ಲಾಭ ತೀರಾ ಕಮ್ಮಿ. ಕೆಲಸದ ಮೇಲೆ ಊರೂರು ತಿರುಗುವವರಿಗೆ 80ರಿಂದ 100ರ ಒಳಗಿನದು ಸಾಕು ಅಂತ ನನ್ನ ಅಭಿಪ್ರಾಯ. ಜಾಸ್ತಿ ವಾಟ್ ಅಂದರೆ ಜಾಸ್ತಿ ತೂಕ, ಜಾಸ್ತಿ ಬಿಸಿ, ಇಟ್ಟಿಗೆಯಷ್ಟು ದೊಡ್ಡ ಚಾರ್ಜರ್.

ತೂಕ ಅಂದಾಗ ಒಬ್ಬ ಮೇಡಂ ನೆನಪಾಗುತ್ತಾರೆ. ಬ್ಯಾಂಕಿನಲ್ಲಿ ಆಡಿಟ್ ಕೆಲಸ. ತಿಂಗಳಲ್ಲಿ ಹದಿನೈದು ದಿನ ಶಿರಾ, ಮಧುಗಿರಿ, ಬಳ್ಳಾರಿ, ಕಲಬುರಗಿ ಅಂತ ಓಡಾಟ. ರಾತ್ರಿ ಲಾಡ್ಜ್‌ನಲ್ಲಿ ಊಟ ಮುಗಿಸಿ, ಮನೆಗೆ ಫೋನ್ ಮಾಡಿ, ಒಂದು ಗಂಟೆ ಗೇಮ್ ಆಡುತ್ತಾರೆ. "ಇಡೀ ದಿನ ಬೇರೆಯವರ ತಪ್ಪು ಹುಡುಕಿರ್ತೀನಿ, ಅದೊಂದು ಗಂಟೆ ನಂದು" ಅಂದರು ಒಮ್ಮೆ. ನನಗೆ ಆ ಮಾತು ಬಹಳ ಹಿಡಿಸಿತು. ಗೇಮ್ ಅಂದರೆ ಹುಡುಗರ ಚಟ ಅನ್ನುವವರು ಇವರನ್ನು ಒಂದು ಸಲ ನೋಡಬೇಕು. ಅವರು ಬಂದದ್ದು ಭುಜ ನೋವು ಅಂತ. ಬ್ಯಾಗಿನಲ್ಲಿ ಆಫೀಸಿನದೊಂದು ಲ್ಯಾಪ್‌ಟಾಪ್, ಗೇಮಿಗೊಂದು. ಪಕ್ಕದ ಕೊರಿಯರ್ ಅಂಗಡಿಯ ತಕ್ಕಡಿ ಮೇಲೆ ಗೇಮಿಂಗ್ ಲ್ಯಾಪ್‌ಟಾಪ್ ಇಟ್ಟೆವು, 2.4 ಕೆ.ಜಿ. ಚಾರ್ಜರ್, ವೈರ್ ಸೇರಿಸಿದೆವು, 3.2. "ಡಬ್ಬದ ಮೇಲೆ 2.4 ಅಂತ ಬರೆದಿದ್ರು" ಅಂದರು. ಹೌದು ಮೇಡಂ, ಡಬ್ಬದ ಮೇಲಿನ ತೂಕದಲ್ಲಿ ಚಾರ್ಜರ್ ಇರಲ್ಲ.

ಚಾರ್ಜರ್ ರೂಮಲ್ಲೇ ಬಿಟ್ಟು ಬಸ್ಸಿನಲ್ಲಿ ಬ್ಯಾಟರಿ ಮೇಲೆ ಆಡಬಹುದಲ್ಲ ಅಂತ ಕೇಳಿದರು. ಇದೂ ಎಲ್ಲರೂ ಕೇಳುವ ಪ್ರಶ್ನೆ. ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ತುಂಬುತ್ತೆ ಅನ್ನೋದನ್ನು ವಾಟ್-ಅವರ್‌ನಲ್ಲಿ ಅಳೆಯುತ್ತಾರೆ. ವಿಮಾನದಲ್ಲಿ 100 ವಾಟ್-ಅವರ್‌ಗಿಂತ ದೊಡ್ಡ ಬ್ಯಾಟರಿ ಒಯ್ಯೋಕೆ ವಿಮಾನ ಕಂಪನಿಯ ಅನುಮತಿ ಬೇಕು. ಅದಕ್ಕೇ ಎಷ್ಟೇ ದುಬಾರಿ ಲ್ಯಾಪ್‌ಟಾಪ್ ತಗೊಂಡರೂ ಅದರ ಬ್ಯಾಟರಿ ಹೆಚ್ಚೆಂದರೆ 99ರ ಆಸುಪಾಸಿಗೇ ನಿಂತಿರುತ್ತೆ. 90 ವಾಟ್-ಅವರ್ ಬ್ಯಾಟರಿಯಿಂದ 150 ವಾಟ್ ಎಳೆದರೆ 36 ನಿಮಿಷಕ್ಕೆ ಖಾಲಿ. ಅಷ್ಟು ಎಳೆಯೋಕೂ ಲ್ಯಾಪ್‌ಟಾಪ್ ಬಿಡಲ್ಲ, ಸೆಲ್‌ಗಳು ಬಿಸಿಯಾಗಿ ಹಾಳಾಗುತ್ತವೆ ಅಂತ ಚಿಪ್‌ನ ವಾಟ್ ತಾನೇ ಇಳಿಸುತ್ತೆ. ಸಾಲದ್ದಕ್ಕೆ, ಬ್ಯಾಟರಿ ಮೇಲಿದ್ದಾಗ ಗೇಮನ್ನು ಸೆಕೆಂಡಿಗೆ 30 ಫ್ರೇಮ್‌ಗೆ, ಅಂದರೆ 30 ಚಿತ್ರಕ್ಕೆ, ಕಟ್ಟಿಹಾಕುವ ಸೆಟ್ಟಿಂಗ್ ಒಂದಿದೆ, ಬ್ಯಾಟರಿ ಬೂಸ್ಟ್ ಅಂತ. ಕರೆಂಟ್ ಹೋದ ತಕ್ಷಣ ಗೇಮ್ ಮಂಕಾಯ್ತು ಅನ್ನುವವರಿಗೆ ನಾನು ಮೊದಲು ಅದನ್ನೇ ತೋರಿಸೋದು.

ರೈಲಿನ ಸಾಕೆಟ್‌ಗೆ ದೊಡ್ಡ ಚಾರ್ಜರ್ ಹಾಕೋದೂ ಬೇಡ. ಅದು ಮೊಬೈಲ್, ಆಫೀಸಿನ ಸಣ್ಣ ಲ್ಯಾಪ್‌ಟಾಪ್‌ಗೆ ಸರಿ. ಬೆಂಗಳೂರಿಗೆ ದಿನಾ ರೈಲಲ್ಲಿ ಹೋಗಿಬರುವ ನಮ್ಮ ಊರಿನವರಿಗೆ ಈ ಮಾತು.

ಮೇಡಂಗೆ ನಾನು ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಪಿಸಿ ನೋಡಿ ಅಂದೆ. 2023ರಲ್ಲಿ ಆಸುಸ್‌ನವರ ರಾಗ್ ಅಲೈ ಇಲ್ಲಿ ಮಾರಾಟಕ್ಕೆ ಬಂತಲ್ಲ, ಆ ಥರದ್ದು. ಏಳು ಇಂಚಿನ ಸ್ಕ್ರೀನ್, 608 ಗ್ರಾಂ ತೂಕ, 65 ವಾಟ್‌ನ ಪುಟ್ಟ ಚಾರ್ಜರ್. ದೊಡ್ಡ ಗೇಮ್ ಆದರೆ ಬ್ಯಾಟರಿ ಒಂದೂವರೆ ಗಂಟೆ ಬಂದರೆ ಹೆಚ್ಚು. ಆಫೀಸೇ ಕೆಲಸಕ್ಕೆ ಲ್ಯಾಪ್‌ಟಾಪ್ ಕೊಟ್ಟಿರುವಾಗ ಇನ್ನೊಂದು ಲ್ಯಾಪ್‌ಟಾಪ್ ಹೊರುವುದಕ್ಕಿಂತ ಇದು ವಾಸಿ. ಎಲ್ಲರಿಗೂ ಇದನ್ನು ಹೇಳಲ್ಲ. ಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯೋದು), ವಿಡಿಯೊ ಎಡಿಟಿಂಗ್ ಥರದ ಕೆಲಸವೂ ಅದೇ ಮೆಷಿನ್‌ನಲ್ಲಿ ಆಗಬೇಕು ಅನ್ನುವವರಿಗೆ ಲ್ಯಾಪ್‌ಟಾಪೇ ಬೇಕು.

ಲಾಡ್ಜ್‌ನಲ್ಲಿ ಆಡುವವರು ಇನ್ನೆರಡು ವಿಷಯ ಗಮನಿಸಿ. ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ ಇಡಬೇಡಿ. ಗಾಳಿ ಎಳೆಯುವ ಕಿಂಡಿ ತಳದಲ್ಲಿರುತ್ತೆ, ಹಾಸಿಗೆ ಅದನ್ನು ಮುಚ್ಚುತ್ತೆ. ಮೇಜು ಇಲ್ಲದಿದ್ದರೆ ಊಟದ ತಟ್ಟೆಯನ್ನಾದರೂ ಬೋರಲು ಹಾಕಿ ಅದರ ಮೇಲಿಡಿ. ಇನ್ನೊಂದು, ಮುಟ್ಟಿದಾಗ ಲೋಹದ ಬಾಡಿ ಜುಮ್ ಅಂದರೆ ಆ ಸಾಕೆಟ್‌ಗೆ ಅರ್ಥಿಂಗ್ ಇಲ್ಲದಿರಬಹುದು. ಬೇರೆ ಸಾಕೆಟ್ ಹುಡುಕಿ, ಸಿಗದಿದ್ದರೆ ಆವತ್ತು ಚಾರ್ಜರ್ ಹಾಕಿಕೊಂಡು ಆಡಬೇಡಿ.

ಪಾವಗಡದ ಹುಡುಗನ ಲ್ಯಾಪ್‌ಟಾಪ್ ವಾಪಸ್ ಕೊಡುವ ಗಡುವು ಮುಗಿದಿತ್ತು. ಇದ್ದುದರಲ್ಲೇ ಸರಿ ಮಾಡಿದೆವು. ಒಂದೇ ರ‍್ಯಾಮ್ ಇತ್ತು, ಜೋಡಿ ಹಾಕಿದೆ. ನೆರಳು, ರಿಫ್ಲೆಕ್ಷನ್ ಸೆಟ್ಟಿಂಗ್ ಕೆಳಗಿಳಿಸಿ, 60 ಫ್ರೇಮ್‌ಗೆ ಕಟ್ಟಿದೆವು. ಈಗ ತಡವರಿಸದೆ ಓಡುತ್ತೆ, ಆದರೂ ಅಣ್ಣನದರಷ್ಟು ಬರಲ್ಲ. ಅದನ್ನು ಅವನಿಗೆ ನೇರವಾಗಿಯೇ ಹೇಳಿದೆ.

ಮೊನ್ನೆ ಭಾನುವಾರ ಅವನದೇ ಫೋನ್. ಜೊತೆ ಕೆಲಸ ಮಾಡುವ ಗೆಳೆಯನನ್ನು ಕರೆದುಕೊಂಡು ಬೆಂಗಳೂರಿನ ಒಂದು ಶೋ ರೂಮಿಗೆ ಹೋಗಿದ್ದಾನೆ. "ಅಣ್ಣ, ಡಬ್ಬ ತೆಗೆಸಿ ಚಾರ್ಜರ್ ನೋಡ್ತಾ ಇದೀನಿ. 20 ವೋಲ್ಟ್, 10 ಆಂಪ್" ಅಂದ.

"200 ವಾಟ್. ಪರವಾಗಿಲ್ಲ, ಈಗ ಕಂಟ್ರೋಲ್ ಪ್ಯಾನೆಲ್ ತೆಗೆಸು" ಅಂದೆ.

"ತೆಗೆಸಿದೀನಿ, 95 ಅಂತಿದೆ. ತೂಕಕ್ಕೆ ಇಲ್ಲಿ ತಕ್ಕಡಿ ಇಲ್ಲವಂತೆ, ಪಕ್ಕದಲ್ಲಿ ಒಂದು ಹಣ್ಣಿನ ಅಂಗಡಿ ಇದೆ, ಚಾರ್ಜರ್ ಸಮೇತ ತಗೊಂಡು ಹೋಗ್ತಾ ಇದೀವಿ."